ಬಾಗಿದ ಬೆನ್ನು, ಬರೆದಿಟ್ಟ ಕೂಲಿ: ಸಾಯಿನಾಥರ ಛಾಯಾಚಿತ್ರ ಪ್ರದರ್ಶನ

ಪತ್ರಕರ್ತ ಪಿ. ಸಾಯಿನಾಥ್ ಅವರ ‘ವಿಸಿಬಲ್ ವರ್ಕ್, ಇನ್‌ವಿಸಿಬಲ್ ವಿಮೆನ್’ (ಕಾಣುವ ದುಡಿಮೆ, ಕಾಣದ ಹೆಂಗಸರು) ಪ್ರದರ್ಶನವನ್ನು ನೋಡಲು ಈಗ ಯಾವ ಗ್ಯಾಲರಿಗೂ ಹೋಗಬೇಕಿಲ್ಲ. ‘ಪರಿ’ ಎಂದೇ ಪರಿಚಿತವಾಗಿರುವ ಪೀಪಲ್ಸ್ ಆರ್ಕೈವ್ ಆಫ್ ರೂರಲ್ ಇಂಡಿಯಾದ ಜಾಲತಾಣದಲ್ಲಿ ಅದು ಉಚಿತವಾಗಿ ಲಭ್ಯವಿದೆ. 1993ರಿಂದ 2002ರವರೆಗೆ ಹತ್ತು ರಾಜ್ಯಗಳಲ್ಲಿ ತೆಗೆದ ಈ ಚಿತ್ರಗಳ ವಸ್ತು ಒಂದೇ, ಹಳ್ಳಿಯ ಹೆಣ್ಣುಮಕ್ಕಳ ದುಡಿಮೆ. ಜಾಲತಾಣಕ್ಕೆ ಬರುವ ಮೊದಲು ಇವು ಬಸ್ ನಿಲ್ದಾಣ, ರೈಲು ನಿಲ್ದಾಣ, ಕಾರ್ಖಾನೆಯ ಗೇಟು, ಕೃಷಿ ಕೂಲಿಕಾರರ ಸಮಾವೇಶ, ಶಾಲಾ ಕಾಲೇಜುಗಳಲ್ಲಿ ಪ್ರದರ್ಶನಗೊಂಡು, ಭಾರತದಲ್ಲೇ 7 ಲಕ್ಷಕ್ಕೂ ಹೆಚ್ಚು ಜನ ಇವನ್ನು ನೋಡಿದ್ದಾರೆ. ದುಡಿಯುವವರ ಚಿತ್ರಗಳನ್ನು ದುಡಿಯುವವರೇ ನಿಂತು ನೋಡುವ ಜಾಗಕ್ಕೆ ಒಯ್ದದ್ದನ್ನು ನಾನು ಈ ಪ್ರದರ್ಶನದ ಮೊದಲ ಗುಣವೆಂದು ಎಣಿಸುತ್ತೇನೆ.

ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿದ್ದು ಬಾಗಿ ದುಡಿಯುವ ಹೆಂಗಸರ ಫಲಕ. ಅಲ್ಲಿ ಆಂಧ್ರದ ಜಮೀನ್ದಾರನೊಬ್ಬ ಕ್ಯಾಮೆರಾಕ್ಕೆಂದು ಎದೆಯುಬ್ಬಿಸಿ ನೆಟ್ಟಗೆ ನಿಂತಿದ್ದಾನೆ. ಅವನ ಗದ್ದೆಯಲ್ಲಿ ನಾಟಿ ಮಾಡುತ್ತಿರುವ ಹೆಂಗಸರ ಸಾಲು ಸೊಂಟ ಮುರಿದು ಬಾಗಿದೆ. ದಿನಕ್ಕೆ 40 ರೂಪಾಯಿ ಕೂಲಿ ಕೊಡುತ್ತೇನೆಂದು ಅವನು ಹೇಳುತ್ತಾನೆ, ಕೈಗೆ ಬರುವುದು 25 ರೂಪಾಯಿ ಎಂದು ಆಮೇಲೆ ಆ ಹೆಂಗಸರು ಹೇಳುತ್ತಾರೆ. ಅವರೆಲ್ಲ ಒಡಿಶಾದ ರಾಯಗಡದಿಂದ ಬಂದ, ತುಂಡು ಭೂಮಿಯೂ ಇಲ್ಲದವರು. ನಾಟಿಯ ಕಾಲದಲ್ಲಿ ಮಂಡ್ಯದ ಕಡೆಗೋ ಗಂಗಾವತಿಯ ಕಡೆಗೋ ಬಸ್ಸಿನಲ್ಲಿ ಹೋದವರೆಲ್ಲ ಇಂಥ ಸಾಲನ್ನು ಕಿಟಕಿಯಿಂದ ಕಂಡವರೇ, ಆದರೆ ಹಾಗೆ ಕಂಡದ್ದರಲ್ಲಿ ಹಸಿರು ಇರುತ್ತದೆ, ಕೂಲಿ ಇರುವುದಿಲ್ಲ. ಇಲ್ಲಿ ಚಿತ್ರದ ಪಕ್ಕದಲ್ಲೇ ಆ 15 ರೂಪಾಯಿಯ ವ್ಯತ್ಯಾಸ ನಿಂತಿರುವುದರಿಂದ, ನೆಟ್ಟಗಿರುವ ಮೈಗೂ ಬಾಗಿರುವ ಮೈಗೂ ನಡುವಿನ ಸಂಬಂಧವನ್ನು ನೋಡುಗರು ತಪ್ಪಿಸಿಕೊಳ್ಳುವಂತಿಲ್ಲ.

ಇಟ್ಟಿಗೆ ಗೂಡಿನ ಚಿತ್ರವೂ ಇದೇ ದಾರಿಯದು. ಹೊರಗೆ 49 ಡಿಗ್ರಿ ಸೆಲ್ಸಿಯಸ್ ಬಿಸಿಲಿರುವಾಗ ಬರಿಗಾಲಿನಲ್ಲಿ, ತಲೆಯ ಮೇಲೆ ಬಿಸಿ ಇಟ್ಟಿಗೆ ಹೊತ್ತು ಏರು ಹತ್ತುವ ವಲಸೆ ಹೆಂಗಸರಿಗೆ ದಿನಕ್ಕೆ ಸಿಗುತ್ತಿದ್ದುದು 10ರಿಂದ 12 ರೂಪಾಯಿ, ಗಂಡಸರಿಗೆ 15ರಿಂದ 20. ಮುಂಗಡ ಕೊಟ್ಟು ಇಡೀ ಕುಟುಂಬವನ್ನೇ ಕರೆತರುವ ಗುತ್ತಿಗೆದಾರರ ಪದ್ಧತಿಯನ್ನೂ ಟಿಪ್ಪಣಿ ಬಿಡಿಸಿ ಹೇಳುತ್ತದೆ. ತಮಿಳುನಾಡಿನ ಪುದುಕ್ಕೋಟ್ಟೈಯಲ್ಲಿ ಜೀತಕ್ಕಿದ್ದ ಹೆಂಗಸರೇ ಸ್ವಲ್ಪ ಕಾಲ ಕಲ್ಲಿನ ಕ್ವಾರಿಗಳನ್ನು ತಮ್ಮ ಹಿಡಿತಕ್ಕೆ ತೆಗೆದುಕೊಂಡ ಪ್ರಸಂಗ ಇವುಗಳ ನಡುವೆ ಬರುವುದರಿಂದ, ಫಲಕಗಳು ಬರೀ ಗೋಳಿನ ಸರಣಿಯಾಗಿ ಉಳಿದಿಲ್ಲ.

ಶ್ರಮದ ಛಾಯಾಗ್ರಹಣ ಎಂದೊಡನೆ ಹಲವರಿಗೆ ನೆನಪಾಗುವುದು ಬ್ರೆಜಿಲಿನ ಸೆರ್ರಾ ಪೆಲಾಡಾ ಚಿನ್ನದ ಗಣಿಯಲ್ಲಿ ಛಾಯಾಗ್ರಾಹಕ ಸೆಬಾಸ್ಟಿಯಾವ್ ಸಾಲ್ಗಾಡೊ 1986ರಲ್ಲಿ ತೆಗೆದ ಚಿತ್ರಗಳು. ಮಣ್ಣು ಮೆತ್ತಿದ ಸಾವಿರಾರು ಮೈಗಳು ಏಣಿ ಹತ್ತುವ ಆ ದೃಶ್ಯದ ಭವ್ಯತೆ ಉಸಿರು ಕಟ್ಟಿಸುತ್ತದೆ. ಕಷ್ಟವನ್ನು ಚೆಂದಗಾಣಿಸಿದರೆಂಬ ಆಕ್ಷೇಪವೂ ಅವರ ಬೆನ್ನು ಬಿಡಲಿಲ್ಲ. ಸಾಯಿನಾಥರಿಗೆ ಆ ಚೌಕಟ್ಟಿನ ಕೌಶಲವಿಲ್ಲ. ಕೆಲವು ಚಿತ್ರಗಳು ಟಿಪ್ಪಣಿಯ ಆಸರೆಯಿಲ್ಲದೆ ನಿಲ್ಲಲಾರವು ಎಂಬುದನ್ನು ಒಪ್ಪಲೇಬೇಕು. ಆದರೂ ದುಡಿಮೆಗೆ ಗೌರವ ಸಲ್ಲಿಸುವ ವಿಷಯದಲ್ಲಿ ನನಗೆ ಈ ಲೆಕ್ಕ ಬರೆಯುವ ಕಣ್ಣೇ ಹೆಚ್ಚು ಪ್ರಾಮಾಣಿಕವೆನಿಸಿತು, ಏಕೆಂದರೆ ಕೂಲಿಯ ಮೊತ್ತವನ್ನು ಓದಿದ ಮೇಲೆ ಯಾರೂ ಆ ಚಿತ್ರವನ್ನು ಬರೀ ಬೆಳಕು ನೆರಳಿನ ಆಟವಾಗಿ ನೋಡಲಾರರು.

ಕೊರತೆಗಳಿಲ್ಲವೆಂದಲ್ಲ. ನಾಟಿಯ ಚಿತ್ರದಲ್ಲಿ ಆ ಹೆಂಗಸರು ಯಾವ ಊರಿನವರೆಂಬುದು ತಿಳಿಯುತ್ತದೆ, ಹೆಸರು ತಿಳಿಯುವುದಿಲ್ಲ. ಕಾಣದವರನ್ನು ಕಾಣಿಸಲು ಹೊರಟ ಪ್ರದರ್ಶನದಲ್ಲಿ ಇದು ಸಣ್ಣ ಲೋಪವಲ್ಲ. ಸಾಯಿನಾಥರೇ ಜೊತೆಗಿದ್ದು ಒಂದೊಂದು ಫಲಕವನ್ನೂ ವಿವರಿಸುವ ಎರಡು ಮೂರು ನಿಮಿಷಗಳ ವಿಡಿಯೊಗಳು ಸೊಗಸಾಗಿವೆ, ಆದರೆ ಮಾತು ಇಂಗ್ಲಿಷಿನದು. ಎಲ್ಲವನ್ನೂ ಒಟ್ಟಿಗೆ ನೋಡುವವರಿಗೆ 32 ನಿಮಿಷಗಳ ಒಂದೇ ವಿಡಿಯೊ ಕೂಡ ಇದೆ. ನನ್ನ ಸಲಹೆ ಬೇರೆ: ಮೊದಲು ಸ್ಥಿರಚಿತ್ರಗಳನ್ನು ನೋಡಿ, ಟಿಪ್ಪಣಿ ಓದಿ, ಅನಂತರ ವಿಡಿಯೊಗೆ ಹೋಗಿ. ಮೊಬೈಲಿನ ಪುಟ್ಟ ಪರದೆಯಲ್ಲಿ ಹಿನ್ನೆಲೆಯ ಆಳುಗಳು ಚುಕ್ಕಿಗಳಾಗಿಬಿಡುವುದರಿಂದ ಕಂಪ್ಯೂಟರಿನ ಪರದೆಯೇ ವಾಸಿ. ತರಗತಿಯಲ್ಲೋ ಊರಿನ ಗ್ರಂಥಾಲಯದಲ್ಲೋ ಪ್ರೊಜೆಕ್ಟರ್ ಇದ್ದರೆ ಇನ್ನೂ ಒಳ್ಳೆಯದು.