ಗಿಟ್‌ಹಬ್ ಲೆಕ್ಕ ಡ್ಯಾಶ್‌ಬೋರ್ಡ್‌ಗೆ: ಪವರ್ ಬಿಐ, ಗ್ರಫಾನಾ, ಮೆಟಾಬೇಸ್

ದಾವಣಗೆರೆಯ ರೈಸ್ ಮಿಲ್‌ಗಳಿಗೆ, ಮೆಕ್ಕೆಜೋಳದ ವರ್ತಕರಿಗೆ ನಾವು ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಡುತ್ತೇವೆ. ಕೋಡ್ ಇರುವುದು ಗಿಟ್‌ಹಬ್ ಎಂಬ ಕೋಡ್ ಇಡುವ ತಾಣದಲ್ಲಿ, ಪ್ರೈವೇಟ್ ರೆಪೊದಲ್ಲಿ (ಹೊರಗಿನವರಿಗೆ ಕಾಣದ ಕೋಡ್ ಭಂಡಾರ). ದೂರು ಬಂದರೆ ಅಲ್ಲೇ ಇಶ್ಯೂ (ದೂರಿನ ದಾಖಲೆ) ತೆರೆದು, ಯಾವ ಗ್ರಾಹಕರದ್ದು ಎಂದು ಲೇಬಲ್ ಹಾಕುತ್ತೇವೆ. ನಮ್ಮ ಯಜಮಾನರು ಕೇಳಿದ್ದು ಇಷ್ಟೇ: ಯಾವ ಮಿಲ್ಲಿನ ದೂರು ಎಷ್ಟು ದಿನದಿಂದ ಬಾಕಿ ಇದೆ, ಅವರ ಎಎಂಸಿ (ವಾರ್ಷಿಕ ನಿರ್ವಹಣಾ ಒಪ್ಪಂದ) ಯಾವಾಗ ಮುಗಿಯುತ್ತದೆ, ಎರಡೂ ಒಂದೇ ಕಡೆ ಕಾಣಬೇಕು. ಅದಕ್ಕಾಗಿ ಡೇಟಾವನ್ನು ಚಾರ್ಟ್, ಪಟ್ಟಿಗಳಾಗಿ ತೋರಿಸುವ ಮೂರು ಸಾಫ್ಟ್‌ವೇರ್ ನೋಡಿದೆ.

ಮೊದಲು ಪವರ್ ಬಿಐ. ಎಕ್ಸೆಲ್ ಬಲ್ಲವರಿಗೆ ಬೇಗ ಕೈಹತ್ತುತ್ತದೆ. ಡೆಸ್ಕ್‌ಟಾಪ್ ಆವೃತ್ತಿ ಉಚಿತ, ವಿಂಡೋಸ್‌ಗೆ ಮಾತ್ರ. ಚಾರ್ಟ್‌ಗಳು ಬಹಳ ಚೆನ್ನಾಗಿವೆ. ಕಷ್ಟ ಇರುವುದು ಡೇಟಾ ತರುವಲ್ಲಿ. ಗಿಟ್‌ಹಬ್ ಎಪಿಐ (ಬೇರೆ ಸಾಫ್ಟ್‌ವೇರ್‌ಗೆ ಡೇಟಾ ಕೊಡುವ ದಾರಿ) ಒಂದು ಪುಟಕ್ಕೆ ಹೆಚ್ಚೆಂದರೆ 100 ಇಶ್ಯೂ ಕೊಡುತ್ತದೆ, ಏನೂ ಹೇಳದಿದ್ದರೆ 30. ಪುಟದಿಂದ ಪುಟಕ್ಕೆ ಹೋಗುವ ಕೋಡನ್ನು ಪವರ್ ಬಿಐನ ಡೇಟಾ ತರುವ ಭಾಗವಾದ ಪವರ್ ಕ್ವೆರಿಯಲ್ಲಿ ನಾವೇ ಬರೆಯಬೇಕು. ಅದರಲ್ಲೂ ಎಪಿಐನ ವೆಬ್ ವಿಳಾಸವನ್ನು ತುಂಡು ತುಂಡಾಗಿ ಜೋಡಿಸಿದರೆ ಡೆಸ್ಕ್‌ಟಾಪ್‌ನಲ್ಲಿ ಓಡುತ್ತದೆ, ಆನ್‌ಲೈನ್‌ಗೆ ಹಾಕಿದ ಮೇಲೆ ಶೆಡ್ಯೂಲ್ಡ್ ರಿಫ್ರೆಶ್ (ನಿಗದಿತ ಹೊತ್ತಿಗೆ ಹೊಸ ಡೇಟಾ ತಾನೇ ತರುವುದು) ಒಪ್ಪುವುದಿಲ್ಲ. ಮೂಲ ವಿಳಾಸವನ್ನು ಬದಲಾಗದಂತೆ ಇಟ್ಟು, ಉಳಿದದ್ದನ್ನು ರಿಲೇಟಿವ್‌ಪಾತ್ ಆಯ್ಕೆಯಲ್ಲಿ ಕೊಡಬೇಕು. ಹಣ ಕೊಟ್ಟು ಪಡೆಯುವ ಪ್ರೊ ಲೈಸೆನ್ಸ್‌ನಲ್ಲಿ ದಿನಕ್ಕೆ 8 ಸಲ ರಿಫ್ರೆಶ್ ಮಾಡಬಹುದು, ನಮಗೆ ಅಷ್ಟು ಸಾಕು. ಆದರೆ ಹಂಚಿಕೊಂಡ ವರದಿ ನೋಡುವವರಿಗೂ ಪ್ರೊ ಬೇಕು. ಸಣ್ಣ ಆಫೀಸಿಗೆ ಅದು ಜಾಸ್ತಿಯೇ ಅಲ್ವಾ?

ಗ್ರಫಾನಾ ತುಂಬಾ ಸುಲಭ. ಗಿಟ್‌ಹಬ್ ಪ್ಲಗಿನ್ ಹಾಕಿ ಟೋಕನ್ (ಪ್ರವೇಶದ ಕೀಲಿ) ಕೊಟ್ಟರೆ ಕಮಿಟ್ (ಕೋಡಿನ ಉಳಿಸಿದ ಬದಲಾವಣೆ), ಪುಲ್ ರಿಕ್ವೆಸ್ಟ್ (ಬದಲಾವಣೆ ಸೇರಿಸಿಕೊಳ್ಳುವ ಕೋರಿಕೆ), ರಿಲೀಸ್ ಎಲ್ಲಾ ಕಾಣುತ್ತವೆ. ಕೋಡ್ ಬರೆಯುವವರಿಗೆ ಇದೇ ಚೆಂದ. ಆದರೆ ಅದು ಡೇಟಾ ಕೂಡಿಡುವುದಿಲ್ಲ, ಪ್ಯಾನೆಲ್ ತೆರೆದಾಗ ಗಿಟ್‌ಹಬ್ ಅನ್ನು ಕೇಳಿ ತೋರಿಸುತ್ತದೆ. ನಮ್ಮ ಎಎಂಸಿ ತಾರೀಖುಗಳಿರುವುದು ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ. ಇಶ್ಯೂ ಲೇಬಲ್‌ನಿಂದ ಗ್ರಾಹಕರ ಹೆಸರು ತೆಗೆದು ಆ ತಾರೀಖುಗಳಿಗೆ ಹೊಂದಿಸುವುದು ಗ್ರಫಾನಾದ ಒಳಗೆ ದೊಡ್ಡ ತಲೆನೋವು.

ಮೆಟಾಬೇಸ್‌ಗೆ ಗಿಟ್‌ಹಬ್ ಗೊತ್ತೇ ಇಲ್ಲ. ಅದು ಡೇಟಾಬೇಸ್ ಜೊತೆ ಮಾತ್ರ ಮಾತಾಡುತ್ತದೆ. ಹಾಗಾಗಿ ದಿನಕ್ಕೊಮ್ಮೆ ಇಶ್ಯೂಗಳನ್ನು ಪೋಸ್ಟ್‌ಗ್ರೆಸ್‌ಗೆ ತುಂಬುವ ಚಿಕ್ಕ ಪೈಥಾನ್ ಸ್ಕ್ರಿಪ್ಟ್ ಬರೆದು ಗಿಟ್‌ಹಬ್ ಆ್ಯಕ್ಷನ್ಸ್‌ನಲ್ಲಿ (ನಿಗದಿತ ಹೊತ್ತಿಗೆ ಸ್ಕ್ರಿಪ್ಟ್ ಓಡಿಸುವ ಗಿಟ್‌ಹಬ್ ಸೌಲಭ್ಯ) ಇಟ್ಟೆ. ಟೋಕನ್‌ಗೆ ಓದುವ ಅನುಮತಿ ಮಾತ್ರ ಕೊಟ್ಟರೆ ಸಾಕು. ಎಪಿಐ ಇಶ್ಯೂಗಳ ಜೊತೆ ಪುಲ್ ರಿಕ್ವೆಸ್ಟ್‌ಗಳನ್ನೂ ಸೇರಿಸಿ ಕಳಿಸುತ್ತದೆ, ಅವನ್ನು ಸೋಸದಿದ್ದರೆ ದೂರಿನ ಲೆಕ್ಕ ಸುಮ್ನೆ ಉಬ್ಬುತ್ತದೆ. ಬೇರೆ ಏನೂ ಹೇಳದಿದ್ದರೆ ಸ್ಕ್ರಿಪ್ಟ್ ಓಡುವ ಸಮಯ ಯುಟಿಸಿ (ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದಿರುವ ವಿಶ್ವ ಸಮಯ) ಲೆಕ್ಕದಲ್ಲಿರುತ್ತದೆ, ಬೆಳಿಗ್ಗೆ 6ಕ್ಕೆ ಓಡಬೇಕಾದರೆ 00:30ಕ್ಕೆ ನಿಗದಿ ಮಾಡಬೇಕು. ಕೆಲವೊಮ್ಮೆ ತಡವಾಗಿಯೂ ಓಡುತ್ತದೆ. ಉಚಿತ ಪ್ಲ್ಯಾನ್‌ನಲ್ಲಿ ಪ್ರೈವೇಟ್ ರೆಪೊಗಳಿಗೆ ತಿಂಗಳಿಗೆ 2,000 ನಿಮಿಷ ಇದೆ, ಇಂಥ ಸ್ಕ್ರಿಪ್ಟಿಗೆ ಧಾರಾಳ. ಡೇಟಾಬೇಸ್ ಕ್ಲೌಡ್‌ನಲ್ಲಿರುವುದರಿಂದ ಆಫೀಸಿನಲ್ಲಿ ಕರೆಂಟ್ ಹೋದರೂ ತುಂಬುವ ಕೆಲಸ ನಿಲ್ಲುವುದಿಲ್ಲ.

ಇಷ್ಟಾದ ಮೇಲೆ ಒಂದೇ ಎಸ್‌ಕ್ಯೂಎಲ್ ಜಾಯಿನ್ (ಎರಡು ಪಟ್ಟಿ ಹೊಂದಿಸುವ ಡೇಟಾಬೇಸ್ ಆದೇಶ) ಸಾಕಾಯಿತು. ಮುಂದಿನ ತಿಂಗಳು ಎಎಂಸಿ ಮುಗಿಯುವ ಮಿಲ್‌ಗಳ ಹಳೇ ದೂರುಗಳು ಪಟ್ಟಿಯ ಮೇಲೆ ಬಂದು ಕೂತವು. ಯಜಮಾನರು ಅದನ್ನು ನೋಡಿ ಅವತ್ತೇ ಇಬ್ಬರು ಗ್ರಾಹಕರಿಗೆ ಫೋನ್ ಮಾಡಿದರು. ನನಗೆ ಬೇಕಿದ್ದದ್ದು ಇದೇ.

ಹಾಗಾಗಿ ನನ್ನ ಓಟು ಮೆಟಾಬೇಸ್‌ಗೆ. ರೆಪೊ ಲೆಕ್ಕವನ್ನು ವ್ಯಾಪಾರದ ಲೆಕ್ಕಕ್ಕೆ ಹೊಂದಿಸಬೇಕೆಂದರೆ ಡೇಟಾದ ಒಂದು ಪ್ರತಿ ನಿಮ್ಮ ಬಳಿ ಇರಲೇಬೇಕು. ಕೋಡ್ ಕೆಲಸದ ಗತಿ ಮಾತ್ರ ನೋಡುವುದಾದರೆ ಗ್ರಫಾನಾ ಹಾಕಿಕೊಳ್ಳಿ. ಆಫೀಸಿನಲ್ಲಿ ಎಲ್ಲರಿಗೂ ಈಗಾಗಲೇ ಪ್ರೊ ಲೈಸೆನ್ಸ್ ಇದ್ದರೆ, ಅದೇ ಪೋಸ್ಟ್‌ಗ್ರೆಸ್‌ಗೆ ಪವರ್ ಬಿಐ ಜೋಡಿಸಿ, ಪುಟ ದಾಟುವ ಕೋಡ್ ಬರೆಯುವ ಕೆಲಸ ತಪ್ಪುತ್ತದೆ.