ಅಶ್ವಗಂಧ ಕ್ಯಾಪ್ಸೂಲ್ ರಿವ್ಯೂ: ನಿದ್ದೆ ಬಂತು, ಆದ್ರೆ ಈ ಬ್ರ್ಯಾಂಡ್ ಮತ್ತೆ ತಗೊಳಲ್ಲ

5ಕ್ಕೆ 2 ಸ್ಟಾರ್ ಕೊಡ್ತಿದೀನಿ. ಎರಡೂ ನಿದ್ದೆಗೆ. ಉಳಿದ ಮೂರು ಯಾಕೆ ಕಟ್ ಮಾಡ್ದೆ ಅನ್ನೋದನ್ನ ಸ್ವಲ್ಪ ಉದ್ದಕ್ಕೇ ಬರೀತೀನಿ, ಯಾಕಂದ್ರೆ ಇದರ ಕೆಳಗಿರೋ ರಿವ್ಯೂಗಳೆಲ್ಲ "ಸೂಪರ್ ಪ್ರಾಡಕ್ಟ್, ನ್ಯಾಚುರಲ್, ಸೈಡ್ ಎಫೆಕ್ಟ್ ಇಲ್ಲ" ಅಂತಾನೇ ಇದಾವೆ, ಆ ಕೊನೇ ಮಾತು ಸುಳ್ಳು.

ಕೆಲಸದ ಟೆನ್ಷನ್‌ಗೆ ರಾತ್ರಿ ಮಲಗಿದ್ರೂ ತಲೆ ಓಡ್ತಾನೇ ಇರ್ತಿತ್ತು, ನಿದ್ದೆ ಮಾತ್ರೆ ಬೇಡ ಅನ್ನಿಸ್ತು. ಡಾಕ್ಟರ್‌ನ ಕೇಳ್ದೆ, ನಂಗೆ ಥೈರಾಯ್ಡು ಶುಗರ್ರು ಬಿಪಿ ಯಾವುದೂ ಇಲ್ಲ, ಬೇರೆ ಮಾತ್ರೆನೂ ನಡೀತಿಲ್ಲ, ಹಾಗಾಗಿ ಸ್ವಲ್ಪ ದಿನ ತಗೊಂಡು ನೋಡಿ, ಮೂರು ತಿಂಗಳಿಗಿಂತ ಮುಂದಕ್ಕೆ ಎಳೀಬೇಡಿ ಅಂದ್ರು. 300 ಮಿಲಿಗ್ರಾಂದು ದಿನಕ್ಕೆರಡು. ಮೊದಮೊದಲು ಏನೂ ಗೊತ್ತಾಗ್ಲಿಲ್ಲ, ಆಮೇಲಾಮೇಲೆ ಮಲಗಿದ ಕೂಡ್ಲೇ ಅಲ್ಲದಿದ್ರೂ ಬೇಗ ಜೊಂಪು ಹತ್ತೋಕೆ ಶುರುವಾಯ್ತು, ಮಧ್ಯರಾತ್ರಿ ಎಚ್ಚರ ಆಗೋದು ಕಮ್ಮಿ ಆಯ್ತು. ಖಾಲಿ ಹೊಟ್ಟೇಲಿ ತಗೊಂಡ್ರೆ ಮಾತ್ರ ಹೊಟ್ಟೆ ತೊಳಸತ್ತೆ, ಊಟ ಆದ್ಮೇಲೆ ತಗೊಂಡ್ರೆ ತೊಂದ್ರೆ ಇಲ್ಲ. ಬೆಳಗಿನ ಕ್ಯಾಪ್ಸೂಲ್‌ಗೆ ತೂಕಡಿಕೆ ಬರ್ತಿತ್ತು, ಗಾಡಿ ಓಡಿಸೋರು ಇದನ್ನ ಗಮನದಲ್ಲಿ ಇಟ್ಕೊಳ್ಳಿ.

ಇದು ಬರೀ ನನ್ನ ಭ್ರಮೆ ಅಲ್ಲ ಅನ್ನೋಕೆ ಆಧಾರ ಇದೆ. 2012ರಲ್ಲಿ 64 ಜನರ ಮೇಲೆ ಒಂದು ಟ್ರಯಲ್ ನಡೀತು, ಅರ್ಧ ಜನಕ್ಕೆ ಇದೇ 300 ಮಿಲಿಗ್ರಾಂ ದಿನಕ್ಕೆರಡು ಸಲ, ಇನ್ನರ್ಧ ಜನಕ್ಕೆ ಔಷಧಿನೇ ಇಲ್ಲದ ಖಾಲಿ ಕ್ಯಾಪ್ಸೂಲು, 60 ದಿನ ಆದ್ಮೇಲೆ ನೋಡಿದ್ರೆ ಅಶ್ವಗಂಧ ತಗೊಂಡೋರಲ್ಲಿ ಸ್ಟ್ರೆಸ್ ಸ್ಕೋರೂ ಇಳಿದಿತ್ತು, ರಕ್ತದಲ್ಲಿ ಕಾರ್ಟಿಸಾಲ್ ಅನ್ನೋ ಹಾರ್ಮೋನೂ ಇಳಿದಿತ್ತು. ನಿದ್ದೆ ಬಗ್ಗೆನೂ ಹೀಗೇ ಚಿಕ್ಕ ಚಿಕ್ಕ ಟ್ರಯಲ್‌ಗಳಿವೆ. ಎಲ್ಲಾ ಕೆಲವೇ ಜನರ ಮೇಲೆ, ಎರಡು ಮೂರು ತಿಂಗಳಷ್ಟೇ ನಡೆದಿರೋವು. ವರ್ಷಗಟ್ಟಲೆ ತಗೊಂಡ್ರೆ ಸೇಫಾ ಅನ್ನೋದಕ್ಕೆ ಉತ್ತರ ಈ ಟ್ರಯಲ್‌ಗಳಲ್ಲಿ ಸಿಗಲ್ಲ. ಆದ್ರೆ ನನ್ನ ಡಬ್ಬಿ ಮೇಲೆ ಏನ್ ಬರ್ದಿದಾರೆ ಗೊತ್ತಾ? "ಪ್ರತಿದಿನ, ಜೀವನಪೂರ್ತಿ".

ಈಗ ಲೇಬಲ್ ವಿಷಯಕ್ಕೆ ಬರ್ತೀನಿ. ಮುಂದುಗಡೆ ದೊಡ್ಡ ಅಕ್ಷರದಲ್ಲಿ ಅಶ್ವಗಂಧ ಎಕ್ಸ್‌ಟ್ರ್ಯಾಕ್ಟ್, ಕೆಳಗೊಂದು ಹಸಿರು ಎಲೆ ಚಿತ್ರ. ಹಿಂದುಗಡೆ ಸಣ್ಣಕ್ಷರದಲ್ಲಿ ಹುಡುಕಿದ್ರೆ ಬೇರಿಂದ ತೆಗೆದಿದ್ದಾ ಎಲೆಯಿಂದ ತೆಗೆದಿದ್ದಾ ಅಂತಾನೇ ಇಲ್ಲ! ಇದು ಸಣ್ಣ ವಿಷಯ ಅಲ್ಲ ಕಣ್ರೀ. ಹಿಂದಿನಿಂದ್ಲೂ ಬಳಸ್ಕೊಂಡು ಬಂದಿರೋದು ಬೇರನ್ನ, ಟ್ರಯಲ್‌ಗಳು ಜಾಸ್ತಿ ನಡೆದಿರೋದೂ ಬೇರಿನ ಮೇಲೇ. ಎಲೇಲಿ ವಿಥಾಫೆರಿನ್-ಎ ಅನ್ನೋ ಅಂಶ ಜಾಸ್ತಿ, ಅದು ಜೀವಕೋಶಗಳಿಗೇ ಏಟು ಕೊಡೋ ಅಂಥದ್ದು. 2021ರಲ್ಲಿ ಭಾರತದ ಆಯುಷ್ ಸಚಿವಾಲಯವೇ ಎಲೆ ಬಳಸಬೇಡಿ ಅಂತ ತಯಾರಕರಿಗೆ ಹೇಳಿದೆ. ಇನ್ನು ವಿಥಾನೊಲೈಡ್ ಎಷ್ಟು ಪರ್ಸೆಂಟ್ ಅನ್ನೋದೂ ಬರೆದಿಲ್ಲ, ಗಿಡದಲ್ಲಿ ಕೆಲಸ ಮಾಡೋ ಮುಖ್ಯ ಅಂಶಗಳೇ ಅವು, ಅದೇ ಗೊತ್ತಿಲ್ಲ ಅಂದ್ಮೇಲೆ 300 ಮಿಲಿಗ್ರಾಂ ಅನ್ನೋ ನಂಬರಿಗೆ ಏನರ್ಥ, ಒಂದು ಕಂಪನಿ 300ರಲ್ಲಿ ಇರೋದು ಇನ್ನೊಂದರ 300ರಲ್ಲಿ ಇರೋದಕ್ಕಿಂತ ನಾಕು ಪಟ್ಟು ಸ್ಟ್ರಾಂಗ್ ಇರಬಹುದು.

ಯಾರು ತಗೋಬಾರ್ದು ಅನ್ನೋದು ಡಬ್ಬಿ ಮೇಲೆ ಒಂದಕ್ಷರನೂ ಇಲ್ಲ, ನಂಗೆ ತುಂಬಾ ಬೇಜಾರಾಗಿದ್ದು ಇದಕ್ಕೇ. ಗರ್ಭಿಣಿಯರು ಮುಟ್ಟೋದೇ ಬೇಡ. ಥೈರಾಯ್ಡ್ ಇರೋರಿಗೆ ಇದು ನೇರವಾಗಿ ಸಂಬಂಧ ಪಡೋ ವಿಷಯ, ಅಶ್ವಗಂಧ ಥೈರಾಯ್ಡ್ ಹಾರ್ಮೋನ್ ಮೇಲಕ್ಕೆ ಏರಿಸ್ಬಹುದು, ಅದು ಮೊದಲೇ ಜಾಸ್ತಿ ಇದ್ದೋರಿಗೆ ಎದೆ ಹೊಡ್ಕೊಳ್ಳೋದು, ಕೈ ನಡುಗೋದು ಇನ್ನೂ ಜಾಸ್ತಿ ಆಗಬಹುದು, ಕಮ್ಮಿ ಇದ್ದು ಮಾತ್ರೆ ತಗೋತಿರೋರಿಗೆ ಡೋಸೇ ಏರುಪೇರಾಗಬಹುದು. ನಮ್ಮಕ್ಕ ದಿನಾ ಥೈರಾಕ್ಸಿನ್ ತಗೋತಾಳೆ, ನಾನು ಚೆನ್ನಾಗಿ ಮಲಗ್ತಿರೋದು ನೋಡಿ ನಂಗೂ ಎರಡು ಕೊಡೋ ಅಂದ್ಳು, ಇಲ್ಲ ಕಣಕ್ಕ ನೀನು ಮೊದ್ಲು ಡಾಕ್ಟರ್ ಕೇಳು ಅಂದೆ, ಅವರು ಖಡಾಖಂಡಿತ ಬೇಡ ಅಂದ್ರು. ಡಬ್ಬಿ ನೋಡಿ ಅವಳಿಗೆ ಇದು ಗೊತ್ತಾಗೋಕೆ ಸಾಧ್ಯನೇ ಇರ್ಲಿಲ್ಲ. ಶುಗರ್, ಬಿಪಿ ಮಾತ್ರೆ ತಗೊಳೋರಿಗೆ ಅವು ಬೇಕಾದ್ದಕ್ಕಿಂತ ಇಳಿಯೋ ಸಾಧ್ಯತೆ ಇದೆ, ನಿದ್ದೆ ಮಾತ್ರೆ ಜೊತೆ ಸೇರಿದ್ರೆ ಮಂಪರು ಹೆಚ್ಚಾಗತ್ತೆ, ಕಿಡ್ನಿ ಟ್ರಾನ್ಸ್‌ಪ್ಲಾಂಟ್ ಆಗಿ ಇಮ್ಯುನಿಟಿ ತಗ್ಗಿಸೋ ಔಷಧಿ ತಗೊಳೋರು, ಆಪರೇಷನ್ ಡೇಟ್ ಫಿಕ್ಸ್ ಆಗಿರೋರು ಎಲ್ಲಾ ಡಾಕ್ಟರಿಗೆ ಹೇಳ್ದೆ ತಗೋಬಾರ್ದು.

ಲಿವರ್ ಬಗ್ಗೆ ಗಟ್ಟಿಯಾಗಿ ಹೇಳ್ಲೇಬೇಕು. ತುಂಬಾ ಜನಕ್ಕೆ ಆಗೋದಲ್ಲ, ಆದ್ರೆ ಆಗಿದೆ. 2020ರಲ್ಲಿ ಐಸ್‌ಲ್ಯಾಂಡ್ ಮತ್ತೆ ಅಮೆರಿಕದ 5 ಕೇಸ್ ಪ್ರಕಟ ಆದವು, ಶುರು ಮಾಡಿ 2ರಿಂದ 12 ವಾರದೊಳಗೆ ಕಾಮಾಲೆ, ಮೈಯೆಲ್ಲಾ ವಿಪರೀತ ತುರಿಕೆ, ನಿಲ್ಲಿಸಿದ್ಮೇಲೆ ಅವರು ಹುಷಾರಾದ್ರು. ಆದ್ರೆ 2023ರಲ್ಲಿ ಭಾರತದ ಡಾಕ್ಟರ್‌ಗಳು ವರದಿ ಮಾಡಿದ ಕೇಸ್‌ಗಳಲ್ಲಿ ಮೊದಲೇ ಲಿವರ್ ಖಾಯಿಲೆ ಇದ್ದ ಕೆಲವರು ತೀರೇ ಹೋಗಿದಾರೆ. ಅದೇ ವರ್ಷ ಡೆನ್ಮಾರ್ಕ್ ದೇಶ ಅಶ್ವಗಂಧನ ನಿಷೇಧನೂ ಮಾಡ್ತು. ಹಾಗಾಗಿ ತಗೊಳೋವಾಗ ಕಣ್ಣು ಹಳದಿಯಾದ್ರೆ, ಮೂತ್ರ ಕಡು ಬಣ್ಣಕ್ಕೆ ತಿರುಗಿದ್ರೆ, ಕಾರಣ ಇಲ್ದೆ ಕೈಕಾಲು ತುರಿಸಿದ್ರೆ ಅವತ್ತೇ ನಿಲ್ಲಿಸಿ, ಲಿವರ್ ಟೆಸ್ಟ್ ಮಾಡಿಸಿ, ಏನೇನ್ ತಗೋತಿದೀರ ಅನ್ನೋದನ್ನ ಡಾಕ್ಟರ್ ಕೇಳದಿದ್ರೂ ಹೇಳಿ. ಗಿಡಮೂಲಿಕೆ ತಾನೇ ಅಂತ ಎಷ್ಟೋ ಜನ ಇದನ್ನ ಹೇಳೋದೇ ಇಲ್ಲ.

ಕಂಪನಿಗೆ ಮೇಲ್ ಹಾಕಿ ಎರಡೇ ಪ್ರಶ್ನೆ ಕೇಳಿದ್ದೆ, ಬೇರಾ ಎಲೆನಾ, ಮತ್ತೆ ನನ್ನ ಬ್ಯಾಚ್‌ದು ಲ್ಯಾಬ್ ರಿಪೋರ್ಟ್ ಕಳಿಸ್ತೀರಾ ಅಂತ. ರಿಪೋರ್ಟ್ ಕೇಳಿದ್ದು ಸುಮ್ನೆ ಅಲ್ಲ, 2008ರಲ್ಲಿ ಇಂಟರ್ನೆಟ್‌ನಲ್ಲಿ ಮಾರೋ ಆಯುರ್ವೇದ ಔಷಧಿಗಳನ್ನ ಟೆಸ್ಟ್ ಮಾಡ್ದಾಗ ಸುಮಾರು ಐದರಲ್ಲೊಂದರಲ್ಲಿ ಸೀಸ, ಪಾದರಸ ಇಲ್ಲಾ ಆರ್ಸೆನಿಕ್ ಸಿಕ್ಕಿತ್ತು. ಬಂದ ಉತ್ತರ "ನಮ್ಮ ಉತ್ಪನ್ನ 100% ನ್ಯಾಚುರಲ್, ನಿಶ್ಚಿಂತೆಯಿಂದ ಬಳಸಿ", ಜೊತೆಗೆ ಮುಂದಿನ ಆರ್ಡರ್‌ಗೆ ಡಿಸ್ಕೌಂಟ್ ಕೋಡ್. ಮತ್ತೊಂದು ಸಲ ಕೇಳ್ದೆ, ಉತ್ತರನೇ ಇಲ್ಲ.

ಡಬ್ಬಿ ಅರ್ಧ ಉಳಿದಿದೆ, ನಿಲ್ಲಿಸಿದೀನಿ. ಮತ್ತೆ ಬೇಕು ಅನ್ನಿಸಿದ್ರೆ ಬರೀ ಬೇರಿಂದು ಅಂತ ಬರೆದಿರೋ, ವಿಥಾನೊಲೈಡ್ ಪರ್ಸೆಂಟ್ ಹಾಕಿರೋ, ಬ್ಯಾಚ್ ನಂಬರ್ ಹೊಡೆದ್ರೆ ಹೊರಗಿನ ಲ್ಯಾಬ್ ರಿಪೋರ್ಟ್ ತೋರ್ಸೋ ಕಂಪನಿದು ತಗೋತೀನಿ. ಅಂಥದ್ದು ನೀವ್ಯಾರಾದ್ರೂ ಬಳಸ್ತಿದ್ರೆ ಲೇಬಲ್ ಹಿಂಭಾಗದ ಫೋಟೋ ಹಾಕಿ, ಮುಂಭಾಗದ್ದು ಬೇಡ.