ವಿದ್ಯಾರ್ಥಿ ಭವನಕ್ಕೆ ಒಬ್ಬರೇ ಹೋಗಿ ನೋಡಿ

ಬೆಂಗಳೂರಿನ ಗಾಂಧಿ ಬಜಾರಿನ ವಿದ್ಯಾರ್ಥಿ ಭವನದ ದೋಸೆ ಬಗ್ಗೆ ಹೊಸದಾಗಿ ಹೇಳಲು ಜಾಸ್ತಿ ಏನಿಲ್ಲ. 1943ರಿಂದ ಇದೆ. ಸುತ್ತಮುತ್ತಲಿನ ಶಾಲಾ ಹುಡುಗರಿಗೆ ಅಂತ ಶುರುವಾದ ಹೋಟೆಲು, ಹೆಸರು ಬಂದಿದ್ದೂ ಹಾಗೇ. ದೋಸೆ ಹೊರಗೆ ಕೆಂಪಗೆ ಗರಿಗರಿ, ಒಳಗೆ ದಪ್ಪ, ಮೆತ್ತಗೆ. ಜೊತೆಗೆ ತೆಳ್ಳನೆ ಚಟ್ನಿ. ನನಗಂತೂ ಇದಕ್ಕಿಂತ ಒಳ್ಳೆ ಮಸಾಲೆ ದೋಸೆ ಬೇರೆ ಇಲ್ಲ. ಆದರೆ ನಾನು ಹೇಳಬೇಕಾಗಿರುವುದು ಅಲ್ಲಿನ ಟೇಬಲ್ ಬಗ್ಗೆ.

ಅಲ್ಲಿ ನಿಮಗೇ ಅಂತ ಒಂದು ಟೇಬಲ್ ಸಿಗುವುದಿಲ್ಲ. ಎಲ್ಲಿ ಜಾಗ ಖಾಲಿಯಾಯಿತೋ ಅಲ್ಲಿ ಕೂರಬೇಕು, ಎದುರಿಗೆ ಯಾರೋ, ಪಕ್ಕದಲ್ಲಿ ಇನ್ಯಾರೋ. ಕಳೆದ ಶನಿವಾರ ನನ್ನ ಎದುರಿಗೆ ಕೂತಿದ್ದವರು ಎಪ್ಪತ್ತು ದಾಟಿದ ಒಬ್ಬ ಅಮ್ಮ, ಪಕ್ಕದ ಚೀಲದಲ್ಲಿ ಬಾಳೆಲೆ, ಸೇವಂತಿಗೆ. ದೋಸೆ ಇನ್ನೂ ಬಂದಿರಲಿಲ್ಲ. ಅವರು ನನ್ನ ಕೈಯನ್ನೇ ನೋಡುತ್ತಿದ್ದರು.

"ಜನತಾ ಅಲ್ವೇನಪ್ಪಾ ಅದು?"

ಹೌದು ಅಂದೆ. ಅಪ್ಪನ ಎಚ್‌ಎಂಟಿ ಜನತಾ ವಾಚು, ಕೀ ಕೊಡುವಂಥದ್ದು. ಕೊಡು ಇಲ್ಲಿ ಅಂತ ಬಿಚ್ಚಿಸಿಕೊಂಡು ಕಿವಿಗೆ ಹಿಡಿದರು. ಹತ್ತಾರು ತಟ್ಟೆಗಳನ್ನು ತೋಳಿನ ಮೇಲೆ ಜೋಡಿಸಿಕೊಂಡು ಮಾಣಿಗಳು ಓಡಾಡುವ ಆ ಗಲಾಟೆಯಲ್ಲಿ ಅದರ ಸದ್ದು ಹೇಗೆ ಕೇಳಿಸಿತೋ, ಕಣ್ಣು ಮುಚ್ಚಿಕೊಂಡು ಅಷ್ಟು ಹೊತ್ತು ಕೇಳಿದರು.

"ನಿಧಾನ ಹೋಗುತ್ತಾ?"

"ದಿನಕ್ಕೆ ಐದು ನಿಮಿಷ ಹಿಂದೆ ಬೀಳುತ್ತೆ ಅಮ್ಮ."

"ಎಣ್ಣೆ ಒಣಗಿರುತ್ತೆ, ಬಿಚ್ಚಿಸಿ ಕ್ಲೀನ್ ಮಾಡಿಸು."

ಆಮೇಲೆ ಗೊತ್ತಾಯಿತು, ಅವರು ಜಾಲಹಳ್ಳಿಯ ವಾಚ್ ಫ್ಯಾಕ್ಟರಿಯಲ್ಲೇ ಇದ್ದವರು. ಜಪಾನಿನ ಸಿಟಿಜನ್ ಕಂಪನಿ ಜೊತೆ ಸೇರಿ 1961ರಲ್ಲಿ ಶುರುವಾಗಿತ್ತಲ್ಲ, ಅದೇ. ಬೆಳಕಾಗುವ ಮೊದಲೇ ಬುತ್ತಿ ಕಟ್ಟಿಕೊಂಡು ಫ್ಯಾಕ್ಟರಿ ಬಸ್ಸು ಹತ್ತಿದರೆ ಸಂಜೆಯವರೆಗೂ ಒಂದು ಕಣ್ಣಿಗೆ ಭೂತಗನ್ನಡಿ, ಕೈಯಲ್ಲಿ ಚಿಮಟ. ಸಾಲಾಗಿ ಕೂತ ಹುಡುಗಿಯರೇ ಜಾಸ್ತಿ. ಜೋರಾಗಿ ಉಸಿರು ಬಿಟ್ಟರೂ ಸ್ಕ್ರೂ ಹಾರಿಹೋಗುತ್ತಿತ್ತಂತೆ, ಶೀತ ಆದ ದಿನ ಕೂರುವುದೇ ಕಷ್ಟವಂತೆ. ಹೇಳುತ್ತಾ ಹೆಬ್ಬೆರಳು ತೋರುಬೆರಳು ಸೇರಿಸಿ, ಟೇಬಲ್ ಮೇಲೆ ಇಲ್ಲದ ಒಂದು ಸ್ಕ್ರೂ ಎತ್ತಿ, ಇಲ್ಲದ ಒಂದು ವಾಚಿನೊಳಗೆ ಇಟ್ಟು ತೋರಿಸಿದರು. ಆ ಬೆರಳು ಒಂದು ಚೂರೂ ನಡುಗಲಿಲ್ಲ.

ದೋಸೆ ಬಂತು. ತಿನ್ನುವಾಗ ಇಬ್ಬರೂ ಮಾತಾಡಲಿಲ್ಲ. ಕಾಫಿ ಬಂದ ಮೇಲೆ ಒಂದೇ ಮಾತು ಕೇಳಿದರು: "ದಿನಾ ಒಂದೇ ಹೊತ್ತಿಗೆ ಕೀ ಕೊಡ್ತೀಯಾ?" ಇಲ್ಲ, ನೆನಪಾದಾಗ ಅಂದೆ. ಬೆಳಿಗ್ಗೆ ಎದ್ದ ತಕ್ಷಣ ಕೊಡು ಅಂದು, ಹೂವಿನ ಚೀಲ ಎತ್ತಿಕೊಂಡು ಹೊರಟರು. ಹೆಸರು ಕೇಳಬೇಕಿತ್ತು, ಕೇಳಲಿಲ್ಲ.

ಹಾಗಾಗಿ ಹೋಗುವವರಿಗೆ ನನ್ನ ಸಲಹೆ: ಶುಕ್ರವಾರ ರಜೆ, ಅವತ್ತು ಬಿಡಿ. ಆರು ಜನ ಗುಂಪಾಗಿ ಹೋದರೆ ದೋಸೆ ಸಿಗುತ್ತೆ, ಅಷ್ಟೇ. ಒಬ್ಬರೇ ಹೋಗಿ. ದೋಸೆ ಬರುವವರೆಗೆ ಫೋನು ಜೇಬಿನಲ್ಲೇ ಇರಲಿ. ಗೋಡೆ ಮೇಲೆ ನಮ್ಮ ಸಾಹಿತಿಗಳ ಚಿತ್ರಗಳಿವೆ, ಅದನ್ನು ನೋಡಿ, ಆಮೇಲೆ ಎದುರಿಗೆ ಕೂತವರನ್ನು ನೋಡಿ.

ಅಲ್ಲಿಂದ ನಾನು ನೇರ ವಾಚ್ ರಿಪೇರಿಯವರ ಹತ್ತಿರ ಹೋದೆ. ಅವರು ಹಿಂದಿನ ಮುಚ್ಚಳ ತೆಗೆದು, ಬೆಳಕಿಗೆ ಹಿಡಿದು ನೋಡಿದರು. ಎಣ್ಣೆ ಒಣಗಿದೆ ಅಂದರು.